ಸೂಕ್ಷ್ಮನಾಳಗಳ ಪೊರೆಕವಾಟ: ಅದರ ಕೆಲಸ, ಅದರ ಬಾಳಿಕೆ

ಇತಿಹಾಸದ ಅಧ್ಯಾಪಕನೊಬ್ಬನು ರಬ್ಬರಿನ ಕವಾಟವನ್ನು ಕುರಿತು ಬರೆಯಹೊರಟರೆ ವಾಚಕರು ಕಾರಣವನ್ನು ಕೇಳುವುದು ನ್ಯಾಯವೇ. ಕಾರಣ ಇಷ್ಟೆ. ತುಮಕೂರು ಜಿಲ್ಲೆಯ ಕೆರೆಗಳ ತೂಬುಗಳನ್ನು ನೋಡಿ ಟಿಪ್ಪಣಿ ಮಾಡಿಕೊಳ್ಳುತ್ತ ಗುಬ್ಬಿ, ಕುಣಿಗಲು ತಾಲ್ಲೂಕುಗಳಲ್ಲಿ ತಿರುಗುತ್ತಿದ್ದ ದಿನಗಳಲ್ಲಿ, ವಿಜ್ಞಾನದ ಸಂಶೋಧನ ವಿದ್ಯಾರ್ಥಿಯೊಬ್ಬರು ತಮ್ಮ ಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿ ಬರೆಯಬೇಕಾಗಿ ಬಂದು, ‘ವಾಲ್ವ್’ ಎಂಬುದಕ್ಕೆ ತಕ್ಕ ಶಬ್ದವನ್ನು ಕೇಳಿಕೊಂಡು ನನ್ನ ಬಳಿಗೆ ಬಂದರು. ಕವಾಟ ಎಂದು ಹೇಳಿದ್ದಾಯಿತು. ಅವರು ಕಾಗದದ ಮೇಲೆ ಅದರ ಚಿತ್ರವನ್ನು ಬರೆದು ತೋರಿಸಿದಾಗ, ತೂಬು ಎಂದಿದ್ದರೂ ತಪ್ಪಾಗುತ್ತಿರಲಿಲ್ಲವೆಂದು ತೋರಿತು. ಮಾತು ಮುಂದುವರಿದಂತೆ ಅವರ ಸಂಕಟವೂ ಹೊರಬಿದ್ದಿತು. ಬೇಸಗೆಯ ರಜೆಗೆ ಮುಂಚೆ ಚೆನ್ನಾಗಿ ನಡೆಯುತ್ತಿದ್ದ ಅವರ ಯಂತ್ರದ ಬಿಲ್ಲೆಗಳು ಎರಡು ತಿಂಗಳು ಪ್ರಯೋಗಶಾಲೆಯ ಬೀರುವಿನಲ್ಲಿ ಸುಮ್ಮನೆ ಕುಳಿತಿದ್ದು, ರಜೆ ಕಳೆದ ಮೇಲೆ ಮುಚ್ಚಿದ ಕವಾಟಗಳನ್ನು ತೆರೆಯಲೇ ಇಲ್ಲ. ಒಂದು ವರ್ಷದ ಕೆಲಸ ಅವುಗಳ ಮೇಲೆ ನಿಂತಿತ್ತು. “ನಲವತ್ತು ಲಕ್ಷ ಸಲ ಆಡಿಸಿದರೂ ಕೆಡದು ಎಂದು ಪತ್ರಿಕೆಯಲ್ಲಿ ಬರೆದಿದ್ದಾರಲ್ಲ ಸಾರ್, ನನ್ನದು ಆಡದೆಯೇ ಹೇಗೆ ಕೆಟ್ಟಿತು?” ಎಂದು ಅವರು ಕೇಳಿದರು. ಪ್ರಕೃತ ಲೇಖನವು ಆ ಪ್ರಶ್ನೆಯ ಬೆನ್ನುಹತ್ತಿ ಹೋದದ್ದರ ಫಲ.

ಮೊದಲು ನಾವು ಬಲ್ಲ ಕವಾಟವನ್ನು ನೋಡೋಣ. ತೂಬು ಅಚ್ಚಗನ್ನಡದ ಮಾತು. ಶಾಸನಗಳಲ್ಲಿ ತೂಂಬು ಎಂದಿರುವುದುಂಟು. ಬಿ. ಎಲ್. ರೈಸರು ಸಂಪಾದಿಸಿ 1904 ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಗೇ ಮೀಸಲಾದುದು. ಕೆರೆಕಟ್ಟೆಗಳ ವಿಷಯದಲ್ಲಿ ಕೆಲಸ ಮಾಡುವವರು ಅದನ್ನು ಕೈಯಿಂದ ಕೆಳಗಿಡಲಾಗದು. ಹಳೆಯ ತೂಬಿನ ರಚನೆ ಬಹು ಸರಳವಾದುದು. ಏರಿಯ ಒಳಮಗ್ಗುಲಲ್ಲಿ, ನೀರಿನ ನಡುವೆ, ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅವುಗಳ ನಡುವೆ ಒಂದರ ಕೆಳಗೊಂದು ಅಡ್ಡಗಲ್ಲುಗಳು. ತಳದ ಚಪ್ಪಡಿಯಲ್ಲಿ ದುಂಡನೆಯ ತೂತು. ಅದರ ಕೆಳಗಿನಿಂದ ಹೊರಟ ಕಾಲುವೆ ಏರಿಯ ಅಡಿಯಲ್ಲಿ ಹಾದು ಅಚ್ಚುಕಟ್ಟಿನ ಕಡೆ ಬಾಯಿ ಬಿಡುತ್ತದೆ. ಉದ್ದನೆಯ ಕೋಲೊಂದು ಅಡ್ಡಗಲ್ಲುಗಳ ತೂತುಗಳಲ್ಲಿ ನೆಟ್ಟಗೆ ಇಳಿದಿರುತ್ತದೆ; ಅದರ ತುದಿಯ ಬಿರಡೆ ತಳದ ತೂತಿನಲ್ಲಿ ಕೂಡುತ್ತದೆ. ನೀರುಗಂಟಿಯು ಕೋಲನ್ನು ಎತ್ತಿದರೆ ನೀರು ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಮೇಲೆ ನಿಂತ ನೀರಿನ ಭಾರವೇ ಬಿರಡೆಯನ್ನು ಅದುಮಿ ಹಿಡಿಯುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಇಲ್ಲಿ ಮೂರು ಸಂಗತಿಗಳು ಸೇರಿವೆ: ಮುಚ್ಚುವ ವಸ್ತು, ಅದು ಕೂಡುವ ಪೀಠ, ಅದುಮುವ ಬಲ. ಲೋಕದ ಯಾವ ಕವಾಟವನ್ನು ಬಿಚ್ಚಿ ನೋಡಿದರೂ ಈ ಮೂರೇ ದೊರೆಯುತ್ತವೆ. ಮುಚ್ಚುವ ವಸ್ತು ಗಟ್ಟಿಯಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಕಮ್ಮಾರರ ತಿದಿಯಲ್ಲಿ ಗಾಳಿಯನ್ನು ಒಳಗೆ ಬಿಟ್ಟುಕೊಂಡು ಹೊರಗೆ ಹೋಗಗೊಡದಿರುವುದು ಒಂದು ತೊಗಲಿನ ಚೂರು. ಗುಬ್ಬಿಯ ಹೆಸರನ್ನು ನಾಡಿನಲ್ಲೆಲ್ಲ ಹಬ್ಬಿಸಿದ ನಾಟಕ ಕಂಪೆನಿಗೆ ಹಾರ್ಮೋನಿಯಮ್ಮಿಲ್ಲದೆ ಆಟವಿರಲಿಲ್ಲವಷ್ಟೆ. ಆ ಪೆಟ್ಟಿಗೆಯ ಮನೆಗಳ ಕೆಳಗಿನ ಪಟ್ಟಿಗಳಿಗೂ ಮೆತ್ತನೆಯ ತೊಗಲನ್ನೇ ಅಂಟಿಸಿರುತ್ತಾರೆ. ಬಹುದಿನ ಬಾರಿಸದೆ ಇಟ್ಟ ಪೆಟ್ಟಿಗೆ ಒಣಹವೆಯಲ್ಲಿ ಗಾಳಿ ಸೋರುವುದನ್ನು ಸಂಗೀತಗಾರರು ಬಲ್ಲರು. ತೊಗಲು ಕೂಡ ಸರಪಣಿಯಂತೆ ಹೆಣೆದ ಅಣುಗಳ ವಸ್ತುವೇ, ಎಂದರೆ ಪ್ರಕೃತಿಯೇ ಮಾಡಿಕೊಟ್ಟ ಪಾಲಿಮರು. ಆದುದರಿಂದ ಪಾಲಿಮರಿನ ಪೊರೆಯಿಂದ ಹರಿವನ್ನು ಕಟ್ಟುವ ವಿದ್ಯೆ ನಮಗೆ ತೀರ ಹೊಸತಲ್ಲ. ಹೊಸತು ಅದರ ಅಳತೆ.

ಸೂಕ್ಷ್ಮನಾಳದ ಯಂತ್ರವೆಂದರೆ, ಅಂಚೆಚೀಟಿಯಷ್ಟಗಲದ ಒಂದು ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳನ್ನು ತೆಗೆದು, ಅವುಗಳಲ್ಲಿ ರಕ್ತ, ನೀರು, ಔಷಧ ಮೊದಲಾದ ದ್ರವಗಳನ್ನು ಹನಿಯ ಸಾವಿರದಲ್ಲೊಂದು ಪಾಲಿನಷ್ಟು ಹರಿಯಿಸಿ ಪರೀಕ್ಷೆ ನಡೆಸುವ ಸಾಧನ. ಇದರ ಚರಿತ್ರೆಯನ್ನು ಸಾಮಾನ್ಯವಾಗಿ 1979 ರಿಂದ ಎಣಿಸುತ್ತಾರೆ. ಆ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಅನಿಲಗಳನ್ನು ಬೇರ್ಪಡಿಸುವ ಯಂತ್ರವೊಂದನ್ನು ಸಿಲಿಕನ್ ತಟ್ಟೆಯ ಮೇಲೆ ಕೆತ್ತಿದ ವಿಷಯವನ್ನು ಪ್ರಕಟಿಸಿದರು. ಸಿಲಿಕನ್ನಿನಲ್ಲಿ ಕಾಲುವೆ ತೋಡುವುದು ಸುಲಭ, ಬಾಗಿಲಿಡುವುದು ಕಷ್ಟ. ಅದು ಕಲ್ಲಿನಂತೆ ಬಿರುಸು. ಬಾಗಬೇಕಾದರೆ ಪೊರೆ ಬಹಳ ಅಗಲವಾಗಿರಬೇಕು, ಬಲವೂ ಬಹಳ ಬೇಕು. ಈ ಕಾರಣದಿಂದ ಇಪ್ಪತ್ತು ವರ್ಷ ಕಾಲುವೆಗಳು ಚಿಕ್ಕವಾಗುತ್ತ ಹೋದರೂ ಕವಾಟಗಳು ದೊಡ್ಡವಾಗಿಯೇ ಉಳಿದುವು.

2000 ದಲ್ಲಿ ಕ್ಯಾಲಿಫೋರ್ನಿಯಾದ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸ್ಟೀಫನ್ ಕ್ವೇಕ್ ಮತ್ತು ಅವರ ಸಂಗಡಿಗರು ಈ ತೊಡಕನ್ನು ಬಿಡಿಸಿದರು. ಅವರು ಸಿಲಿಕನ್ನನ್ನು ಬಿಟ್ಟು ಸಿಲಿಕೋನ್ ರಬ್ಬರನ್ನು ಹಿಡಿದರು. ಹೆಸರುಗಳು ಹತ್ತಿರವಾದರೂ ವಸ್ತುಗಳು ಬಹು ದೂರ: ಈ ರಬ್ಬರು ಸಿಲಿಕನ್ನಿಗಿಂತ ಲಕ್ಷ ಪಾಲಿಗೂ ಮೀರಿ ಮೆತ್ತಗಿನದು. ಅದರ ರಾಸಾಯನಿಕ ನಾಮ ಪಾಲಿಡೈಮೀಥೈಲ್‌ಸಿಲಾಕ್ಸೇನ್, ಬಳಕೆಯಲ್ಲಿ ಪಿ.ಡಿ.ಎಂ.ಎಸ್. ಎರಡು ದ್ರವಗಳನ್ನು ಬೆರಸಿ ಅಚ್ಚಿನ ಮೇಲೆ ಹೊಯ್ದು ಕಾಯಿಸಿದರೆ ಗಾಜಿನಂತೆ ತಿಳಿಯಾದ ರಬ್ಬರಾಗಿ ಗಟ್ಟಿಯಾಗುತ್ತದೆ. ಅವರು ಎರಡು ಪದರಗಳನ್ನು ಹೊಯ್ದರು. ಒಂದರಲ್ಲಿ ದ್ರವ ಹರಿಯುವ ಕಾಲುವೆ; ಇನ್ನೊಂದರಲ್ಲಿ, ಅದಕ್ಕೆ ಅಡ್ಡವಾಗಿ, ಗಾಳಿಯ ಕಾಲುವೆ. ಒಂದು ಪದರದಲ್ಲಿ ಬೆರಕೆಯ ಒಂದು ಭಾಗವನ್ನೂ ಇನ್ನೊಂದರಲ್ಲಿ ಮತ್ತೊಂದು ಭಾಗವನ್ನೂ ಬೇಕೆಂದೇ ಹೆಚ್ಚಾಗಿಟ್ಟುದರಿಂದ, ಒಂದರ ಮೇಲೊಂದನ್ನಿಟ್ಟು ಮತ್ತೆ ಕಾಯಿಸಿದಾಗ ಎರಡೂ ಬೆಸೆದುಕೊಂಡು ಒಂದೇ ಆದುವು. ಎರಡು ಕಾಲುವೆಗಳು ಒಂದನ್ನೊಂದು ದಾಟುವ ಕಡೆಯಲ್ಲಿ ನಡುವೆ ಉಳಿದದ್ದು ಸುಮಾರು 30 ಮೈಕ್ರಾನ್ ದಪ್ಪದ ಪೊರೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಗಾಳಿಯ ಕಾಲುವೆಗೆ ಸುಮಾರು 100 ಕಿಲೊಪ್ಯಾಸ್ಕಲ್, ಎಂದರೆ ವಾಯುಮಂಡಲದ ಒತ್ತಡದಷ್ಟು, ಒತ್ತಡವನ್ನು ಹೆಚ್ಚಾಗಿ ಕೊಟ್ಟರೆ ಪೊರೆ ಉಬ್ಬಿ ದ್ರವದ ಕಾಲುವೆಯನ್ನು ತುಂಬಿ ಮುಚ್ಚುತ್ತದೆ; ಒತ್ತಡವನ್ನು ತೆಗೆದರೆ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಬಿರಡೆ, ಕೋಲು, ನೀರುಗಂಟಿಯ ಕೈ ಮೂರೂ ಈ ಒಂದು ಪೊರೆಯಲ್ಲಿ ಅಡಗಿವೆ.

ಕೆಲಸದ ದೃಷ್ಟಿಯಿಂದ ಇಲ್ಲಿ ಒಂದು ಸೊಗಸಾದ ಸೂಕ್ಷ್ಮವಿದೆ. ದ್ರವದ ಕಾಲುವೆ ಸುಮಾರು 100 ಮೈಕ್ರಾನ್ ಅಗಲ, 10 ಮೈಕ್ರಾನ್ ಎತ್ತರ. ಅದರ ಅಡ್ಡಕೊಯ್ತ ಚೌಕವಾಗಿದ್ದರೆ ಉಬ್ಬಿದ ಪೊರೆ ನಡುವನ್ನು ಮುಚ್ಚುತ್ತದೆಯೇ ಹೊರತು ಎರಡು ಮೂಲೆಗಳಲ್ಲಿ ಸಂದು ಉಳಿಯುತ್ತದೆ. ದ್ರವ ಅಲ್ಲಿಂದ ಸೋರುತ್ತದೆ. ಆದಕಾರಣ ಅಚ್ಚನ್ನು ತುಸು ಕರಗುವಂತೆ ಕಾಯಿಸಿ ಅದರ ಬೆನ್ನನ್ನು ಕಮಾನಿನಂತೆ ದುಂಡಗೆ ಮಾಡುತ್ತಾರೆ. ಆಗ ಪೊರೆ ಪೀಠದ ಮೇಲೆ ಸಂದಿಲ್ಲದೆ ಕೂಡುತ್ತದೆ. ತಳದ ಚಪ್ಪಡಿಯಲ್ಲಿ ಚೌಕದ ಕಂಡಿಯನ್ನು ಬಿಟ್ಟು ದುಂಡನೆಯ ತೂತನ್ನೇ ಕೊರೆದ ನಮ್ಮ ಕಲ್ಲುಕುಟಿಗನಿಗೆ ಈ ಮಾತನ್ನು ಹೇಳಿದರೆ ಅವನು ಆಶ್ಚರ್ಯಪಡುತ್ತಿರಲಿಲ್ಲ.

ಇಂಥ ಮೂರು ಕವಾಟಗಳನ್ನು ಸಾಲಾಗಿಟ್ಟು ಒಂದಾದಮೇಲೊಂದನ್ನು ಮುಚ್ಚಿ ತೆರೆದರೆ ಪಂಪು ಆಗುತ್ತದೆ. ಮೊದಲ ಪಂಪು ಸೆಕೆಂಡಿಗೆ 75 ಆವರ್ತದ ವೇಗದಲ್ಲಿ ಹೆಚ್ಚೆಂದರೆ 2.35 ನ್ಯಾನೊಲೀಟರು ದ್ರವವನ್ನು ಸಾಗಿಸಿತು. ಒಂದು ಲೀಟರನ್ನು ಸಾಗಿಸಲು ಅದಕ್ಕೆ ಹದಿಮೂರೂವರೆ ವರ್ಷ ಬೇಕು. ಆದರೆ ಲೀಟರು ಯಾರಿಗೆ ಬೇಕು? ಸ್ವಲ್ಪದರಲ್ಲಿ ಬಹಳ ಮಾಡುವುದೇ ಇದರ ಮರ್ಮ. ಎರಡೇ ವರ್ಷಗಳಲ್ಲಿ, 2002 ರಲ್ಲಿ, ಅದೇ ಗುಂಪಿನವರು ಸಾವಿರ ಕೋಣೆಗಳೂ 3,574 ಕವಾಟಗಳೂ ಇರುವ ಬಿಲ್ಲೆಯನ್ನು ಮಾಡಿದರು. ಅಷ್ಟು ಕವಾಟಗಳಿಗೆ ಅಷ್ಟೇ ಗಾಳಿಯ ಕೊಳವೆಗಳನ್ನು ಜೋಡಿಸಬೇಕಾಗಲಿಲ್ಲ. ಕವಲುಗಳನ್ನು ಜಾಣತನದಿಂದ ಹೆಣೆದರೆ 20 ಗಾಳಿಕಾಲುವೆಗಳಿಂದ 1,024 ದ್ರವಕಾಲುವೆಗಳಲ್ಲಿ ಬೇಕಾದ ಒಂದನ್ನು ಆರಿಸಬಹುದು. ಇದೇ ವಿದ್ಯೆಯನ್ನು ಆಧರಿಸಿ 1999 ರಲ್ಲಿಯೇ ಫ್ಲೂಯಿಡೈಮ್ ಎಂಬ ಕಂಪೆನಿ ಹುಟ್ಟಿತ್ತು. 2022 ರಿಂದ ಅದರ ಹೆಸರು ಸ್ಟ್ಯಾಂಡರ್ಡ್ ಬಯೊಟೂಲ್ಸ್.

ಇನ್ನು ಬಾಳಿಕೆಯ ಮಾತು. ನಮ್ಮ ವಿದ್ಯಾರ್ಥಿ ನಂಬಿದ್ದ ನಲವತ್ತು ಲಕ್ಷದ ಅಂಕಿ 2000 ದ ಆ ಮೊದಲ ಪ್ರಬಂಧದ್ದೇ. ಅಷ್ಟು ಸಲ ಆಡಿಸಿದರೂ ಪಂಪಿನ ಕವಾಟಗಳಲ್ಲಿ ಸವೆತದ ಅಥವಾ ಆಯಾಸದ ಗುರುತು ಕಾಣಲಿಲ್ಲವೆಂದು ಅಲ್ಲಿ ಹೇಳಿದೆ. ಅದನ್ನು ಸಂಶಯಿಸಲು ಕಾರಣವಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಅಂಕಿಯನ್ನು ಕಂಡರೆ ಅದು ಯಾವ ಕಾಲದ್ದು, ಎಷ್ಟು ಕಾಲದ್ದು ಎಂದು ಕೇಳುವ ಚಾಳಿ. ಸೆಕೆಂಡಿಗೆ 75 ಸಲದಂತೆ ಆಡಿಸಿದರೆ ನಲವತ್ತು ಲಕ್ಷ ಸಲ ಮುಗಿಯಲು ಹದಿನೈದು ಗಂಟೆ ಕೂಡ ಬೇಡ! ಬೆಳಗಿನಿಂದ ನಡುರಾತ್ರಿಯೊಳಗೆ ಮುಗಿಯಬಹುದಾದ ಪರೀಕ್ಷೆ ಅದು. ಇನ್ನೊಂದು ಕಡೆಯಿಂದ ಎಣಿಸೋಣ. ಆಸ್ಪತ್ರೆಯೊಂದರಲ್ಲಿ ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಕವಾಟಕ್ಕೆ ನಲವತ್ತು ಲಕ್ಷ ಆಗಬೇಕಾದರೆ 1,095 ವರ್ಷ ಬೇಕು. ಗಂಗರ ಕಾಲದ ತೂಬಿಗೆ ಸಲ್ಲಬಹುದಾದ ಆಯುಸ್ಸು! ಮೊನ್ನೆ ಹೊಯ್ದ ರಬ್ಬರಿಗೆ ಅದನ್ನು ಯಾರೂ ಹೇಳಲಾರರು. ಒಂದೇ ಅಂಕಿಯಿಂದ ಹದಿನೈದು ಗಂಟೆಯೂ ಸಾವಿರ ವರ್ಷವೂ ಹೊರಡುವುದಾದರೆ, ಅದು ಅಳೆದದ್ದು ಬಾಳಿಕೆಯ ಒಂದು ಮುಖವನ್ನು ಮಾತ್ರ: ಬಗ್ಗಿ ಬಗ್ಗಿ ಪೊರೆ ಹರಿಯುವುದಿಲ್ಲವೆಂಬುದನ್ನು. ಪೊರೆಕವಾಟ ಬಗ್ಗುವುದರಿಂದ ಸಾಯುವುದು ಅಪರೂಪ. ಇದ್ದಲ್ಲಿಯೇ ಇರುವುದರಿಂದ ಸಾಯುವುದು ಹೆಚ್ಚು.

ಹೇಗೆಂಬುದನ್ನು ವಿವರಿಸಬೇಕು. ಎಲ್ಲಕ್ಕಿಂತ ಮೊದಲನೆಯದು ಅಂಟಿಕೊಳ್ಳುವುದು. ಪಿ.ಡಿ.ಎಂ.ಎಸ್. ನೀರನ್ನು ಒಲ್ಲದ ವಸ್ತು. ಅದರ ಮೈಯನ್ನು ನೀರಿಗೆ ಒಲಿಯುವಂತೆಯೂ ಗಾಜಿಗೆ ಬೆಸೆಯುವಂತೆಯೂ ಮಾಡಲು ಪ್ಲಾಸ್ಮಾ ಎಂಬ ವಿದ್ಯುದಾವಿಷ್ಟ ಅನಿಲಕ್ಕೆ ಒಡ್ಡುತ್ತಾರೆ. ಹಾಗೆ ಒಡ್ಡಿದ ಮೈ ಎದುರಿನ ಪೀಠವನ್ನು ಮುಟ್ಟಿ ನಿಂತರೆ ಬೇಕಾಗದ ಕಡೆಯಲ್ಲಿಯೂ ಬೆಸೆದುಕೊಳ್ಳುತ್ತದೆ. 2003 ರಲ್ಲಿ ಬರ್ಕ್ಲಿಯಲ್ಲಿ ರಿಚರ್ಡ್ ಮ್ಯಾಥೀಸರ ಗುಂಪು ಮಾಡಿದ ಇನ್ನೊಂದು ಬಗೆಯ ಕವಾಟವಿದೆ: ಎರಡು ಗಾಜುಗಳ ನಡುವೆ 254 ಮೈಕ್ರಾನ್ ದಪ್ಪದ ರಬ್ಬರು ಹಾಳೆ. ಇದು ಸಹಜವಾಗಿ ಮುಚ್ಚಿಯೇ ಇರುತ್ತದೆ. ಗಾಳಿಯನ್ನು ಹೀರಿದಾಗ ಮಾತ್ರ ತೆರೆಯುತ್ತದೆ. ಕೆಲಸಕ್ಕೆ ಬಹು ಅನುಕೂಲವಾದದ್ದು, ಏಕೆಂದರೆ ಯಂತ್ರವನ್ನು ಆರಿಸಿದಾಗ ಎಲ್ಲವೂ ಮುಚ್ಚಿಕೊಂಡಿರುತ್ತದೆ. ಆದರೆ ಆರಿಸಿಟ್ಟ ದಿನಗಳಲ್ಲೆಲ್ಲ ಪೊರೆ ಪೀಠವನ್ನು ಅಪ್ಪಿಕೊಂಡೇ ಇರುತ್ತದೆಯಾದ್ದರಿಂದ ಅಂಟುವ ಭಯ ಇದಕ್ಕೇ ಹೆಚ್ಚು. ನಮ್ಮ ವಿದ್ಯಾರ್ಥಿಯ ಬಿಲ್ಲೆಗಳು ಈ ಜಾತಿಯವು. ಅವರ ಪ್ರಶ್ನೆಗೆ ಉತ್ತರವನ್ನು ಇಲ್ಲಿಯೇ ಹುಡುಕಬೇಕು. ತೂಬಿಗೂ ಇದೇ ಗತಿ. ಮಳೆ ಸಾಲದೆ ಎರಡು ಮೂರು ವರ್ಷ ತೆರೆಯದೆ ಬಿಟ್ಟ ತೂಬಿನ ಸುತ್ತ ಹೂಳು ಕೂತು ಬಿರಡೆ ಏಳುವುದೇ ಇಲ್ಲವೆಂದು ಹಳ್ಳಿಯ ಹಿರಿಯರು ಹೇಳುತ್ತಾರೆ. ತೆರೆದು ಸವೆದ ಬಿರಡೆಗಿಂತ ತೆರೆಯದೆ ಹೂತ ಬಿರಡೆಗಳೇ ಹೆಚ್ಚು.

ಎರಡನೆಯದು ಉಸಿರಾಟ. ಈ ರಬ್ಬರಿನ ಮೂಲಕ ಗಾಳಿಯೂ ನೀರಾವಿಯೂ ಸುಲಭವಾಗಿ ಹಾದುಹೋಗುತ್ತವೆ. ಅದರಲ್ಲಿ ಬೆಳೆಸಿದ ಜೀವಕೋಶಗಳು ಉಸಿರಾಡಬಲ್ಲವು. ಕೊನೆಮುಚ್ಚಿದ ಕಾಲುವೆಯಲ್ಲಿ ಸಿಕ್ಕಿಕೊಂಡ ಗುಳ್ಳೆ ಗೋಡೆಯ ಮೂಲಕವೇ ಹೊರಟುಹೋಗುತ್ತದೆ. ಇವು ಗುಣಗಳು. ಆದರೆ ಅದೇ ದಾರಿಯಲ್ಲಿ ಗಾಳಿಕಾಲುವೆಯ ಗಾಳಿ ದ್ರವದೊಳಕ್ಕೆ ಗುಳ್ಳೆಯಾಗಿ ಬರುತ್ತದೆ, ದ್ರವದ ನೀರು ಆರಿಹೋಗುತ್ತದೆ. ಗಾಳಿಯ ಬದಲು ಗಾಳಿಕಾಲುವೆಯಲ್ಲಿ ನೀರನ್ನು ತುಂಬಿ ಅದನ್ನು ಒತ್ತುವುದು ರೂಢಿಯಲ್ಲಿರುವ ಉಪಾಯ. ಗುಳ್ಳೆಯ ಕಾಟ ಅದರಿಂದ ಬಹುಮಟ್ಟಿಗೆ ತಪ್ಪುತ್ತದೆ. ಕೆರೆಯ ನೀರು ಬಿಸಿಲಿಗೆ ಆರಿದರೆ ಮಟ್ಟ ಇಳಿಯುವುದು ಕಾಣುತ್ತದೆ. ನ್ಯಾನೊಲೀಟರಿನ ಕೋಣೆಯಲ್ಲಿ ಆರಿದ್ದು ಕಾಣುವುದಿಲ್ಲ. ಉಳಿದದ್ದರ ಸಾಂದ್ರತೆ ಮಾತ್ರ ಸದ್ದಿಲ್ಲದೆ ಏರುತ್ತದೆ.

ಮೂರನೆಯದು ಹೀರಿಕೊಳ್ಳುವುದು. ನೀರಿನಿಂದ ಈ ರಬ್ಬರು ಹೆಚ್ಚು ಕಡಮೆ ಊದುವುದಿಲ್ಲ. ಹೆಕ್ಸೇನು, ಟಾಲ್ವೀನು, ಕ್ಲೋರೊಫಾರ್ಮುಗಳಲ್ಲಿ ಚೆನ್ನಾಗಿ ಊದುತ್ತದೆ. ಊದಿದ ಪೊರೆ ತನ್ನ ಪೀಠಕ್ಕೆ ಕೂಡದು. ನೀರನ್ನು ಒಲ್ಲದ ಸಣ್ಣ ಅಣುಗಳನ್ನು, ಎಂದರೆ ಹಲವು ಔಷಧಗಳನ್ನು, ಅದು ಕುಡಿದುಬಿಡುತ್ತದೆ. ತನ್ನಲ್ಲಿ ಹೆಣೆದುಕೊಳ್ಳದೆ ಉಳಿದ ಚೂರು ಅಣುಗಳನ್ನು ದ್ರವಕ್ಕೆ ಬಿಟ್ಟುಕೊಡುತ್ತದೆ. ಜೊತೆಗೆ ಬಿಸಿಯ ಪರಿಣಾಮ. 25 ಡಿಗ್ರಿಯಲ್ಲಿ ಗಟ್ಟಿಮಾಡಿದ ರಬ್ಬರಿನ ಬಿರುಸು 1.32 ಮೆಗಾಪ್ಯಾಸ್ಕಲ್ ಇದ್ದರೆ, 200 ಡಿಗ್ರಿಯಲ್ಲಿ ಕಾಯಿಸಿದ ಅದೇ ರಬ್ಬರಿನದು 2.97 ಎಂದು ಅಳೆದಿದ್ದಾರೆ, ಎರಡರಷ್ಟಕ್ಕೂ ಮೀರಿ. ಪೊರೆ ಬಿರುಸಾದಷ್ಟೂ ಮುಚ್ಚುವ ಒತ್ತಡ ಹೆಚ್ಚಬೇಕು. ಮೊದಲ ದಿನ ಗೊತ್ತುಮಾಡಿದ ಒತ್ತಡವನ್ನೇ ನೆಚ್ಚಿ ಕುಳಿತರೆ ಕವಾಟ ಪೂರ್ತಿ ಮುಚ್ಚದು.

ಪ್ರತೀಕಾರಗಳೂ ಇಲ್ಲದಿಲ್ಲ. 2004 ರಲ್ಲಿ ಫ್ಲೋರಿನ್ ಕೂಡಿದ ಪಾಲಿಈಥರು ರಬ್ಬರಿನಿಂದ ಕವಾಟಗಳನ್ನು ಮಾಡಿದರು. ಅದು ಟಾಲ್ವೀನಿಗೂ ಬಗ್ಗದು. ಟೆಫ್ಲಾನ್ ಜಾತಿಯ ತೆಳುಹಾಳೆಯನ್ನು ಹಾಕಿದವರೂ ಉಂಟು. ಇವು ರಸಾಯನವನ್ನು ತಡೆಯುತ್ತವೆ, ಪಿ.ಡಿ.ಎಂ.ಎಸ್.ನ ಮೆದುತನ, ಅಗ್ಗ, ಯಾವ ಪ್ರಯೋಗಶಾಲೆಯಲ್ಲಿಯಾದರೂ ಹೊಯ್ದುಕೊಳ್ಳಬಹುದಾದ ಸೌಕರ್ಯ ಇವಕ್ಕಿಲ್ಲ. ಪೊರೆಯೇ ಬೇಡವೆನ್ನುವವರೂ ಇದ್ದಾರೆ: ಕಾಲುವೆಯನ್ನು ಒಮ್ಮೆಲೆ ಅಗಲಮಾಡಿದರೆ ದ್ರವ ತನ್ನ ಮೈಬಿಗುವಿನಿಂದಲೇ ಅಲ್ಲಿ ನಿಂತುಬಿಡುತ್ತದೆ, ಒತ್ತಡ ಒಂದು ಮಿತಿಯನ್ನು ದಾಟಿದಾಗ ಮುಂದೆ ನುಗ್ಗುತ್ತದೆ. ಇದನ್ನು ಕೇಳಿದಾಗ ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ನೆನಪಿಗೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಶಿಂಷಾ ನದಿಗೆ ಕಟ್ಟಿದ ಆ ಅಣೆಯಲ್ಲಿ ತಾನಾಗಿ ಹರಿಯುವ ಸೈಫನ್‌ಗಳಿವೆ. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಸೈಫನ್ ತುಂಬಿ ಎಳೆಯತೊಡಗುತ್ತದೆ. ಮಟ್ಟ ಇಳಿದು ಗಾಳಿ ಹೊಕ್ಕಾಗ ನಿಲ್ಲುತ್ತದೆ. ಚಲಿಸುವ ಅಂಗವೇ ಇಲ್ಲದಿರುವುದರಿಂದ ಸವೆಯುವುದೂ ಇಲ್ಲ, ಅಂಟುವುದೂ ಇಲ್ಲ. ಆದರೆ ಅದು ಕಟ್ಟಿದವರ ಮಾತನ್ನು ಕೇಳುತ್ತದೆ, ಬಳಸುವವರ ಮಾತನ್ನು ಕೇಳುವುದಿಲ್ಲ. ಬೇಕೆಂದಾಗ ತೆರೆಯಲು ಕವಾಟವೇ ಬೇಕು. ಯಾವ ತೂಬು ಯಾವಾಗ ಎಷ್ಟು ತೆರೆಯಬೇಕೆಂಬುದು ಈ ಸೀಮೆಯಲ್ಲಿ ಎಂಥ ದೊಡ್ಡ ಮಾತೆಂಬುದನ್ನು ಹೇಮಾವತಿಯ ಲಿಂಕ್ ಕಾಲುವೆಯ ಬಗ್ಗೆ 2025 ರಲ್ಲಿ ಗುಬ್ಬಿಯ ಕಡೆ ಎದ್ದ ಪ್ರತಿಭಟನೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ಈ ಚರ್ಚೆ ವಿದ್ವಾಂಸರ ಬೀರುವಿನೊಳಗಿನದು ಮಾತ್ರವಲ್ಲ. ನಮ್ಮ ಜಿಲ್ಲೆಯ ಪಾವಗಡದ ಸೀಮೆಯಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡು ಹಲ್ಲನ್ನೂ ಮೂಳೆಯನ್ನೂ ಕೆಡಿಸಿರುವುದು ಎಲ್ಲರಿಗೂ ತಿಳಿದದ್ದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದ ಪಕ್ಷದಲ್ಲಿ 1.5 ರವರೆಗೆ ಸೈರಿಸಬಹುದು ಎಂಬುದು ಭಾರತೀಯ ಮಾನಕ. ಬಿಲ್ಲೆಯೊಂದನ್ನು ಹಳ್ಳಿಗೆ ಒಯ್ದು ಬಾವಿಯ ಬಳಿಯಲ್ಲಿಯೇ ಅಳೆಯುವುದು ಇಂಥ ಸಾಧನಗಳಿಂದ ನಾವು ಬಯಸುವ ಉಪಕಾರ. ಅಲ್ಲಿ ಪೊರೆ ತುಸು ಸೋರಿ, ಮಾದರಿಯ ನೀರಿಗೆ ಬೇರೆ ಕೋಣೆಯ ದ್ರವ ಬೆರೆತರೆ, 1.6 ಇರುವುದು 1.4 ಎಂದು ಕಾಣಬಹುದು. ತೂಬು ಸೋರಿದರೆ ಏರಿಯ ಹಿಂದೆ ನೆಲ ಒದ್ದೆಯಾಗಿ ಹತ್ತು ಜನಕ್ಕೆ ಗೊತ್ತಾಗುತ್ತದೆ. ಪೊರೆ ಸೋರಿದರೆ ಗೊತ್ತಾಗುವುದು ಯಾರಿಗೂ ಇಲ್ಲ. ಅಂಕಿ ಮಾತ್ರ ಎಂದಿನಂತೆ ಸ್ವಚ್ಛವಾಗಿ ಮೂಡುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಜೀಪಿನ ಪೆಟ್ಟಿಗೆಯೊಳಗೆ ಕುಳಿತ ಪೊರೆಯ ವಿಷಯದಲ್ಲಿ ನಲವತ್ತು ಲಕ್ಷದ ಅಂಕಿ ನಮಗೆ ಏನನ್ನೂ ತಿಳಿಸುವುದಿಲ್ಲ. ಎಷ್ಟು ದಿನ ಮುಚ್ಚಿಟ್ಟು, ಯಾವ ಬಿಸಿಯಲ್ಲಿಟ್ಟು, ಯಾವ ದ್ರವವನ್ನು ತುಂಬಿಟ್ಟು ಆಮೇಲೆ ತೆರೆದು ನೋಡಿದರು, ಎಷ್ಟು ಸೋರಿತು ಎಂಬುದನ್ನು ಬಾಳಿಕೆಯ ಲೆಕ್ಕದಲ್ಲಿ ಬರೆಯಬೇಕೆಂದು ಕೇಳುವುದು ಅತಿಯಲ್ಲವೆಂದು ನನಗೆ ತೋರುತ್ತದೆ.

ಇನ್ನೊಂದು ಭೇದವನ್ನು ಮರೆಯಬಾರದು. ಹಳೆಯ ಊರಿನ ಹನ್ನೆರಡು ಆಯಗಾರರಲ್ಲಿ ನೀರುಗಂಟಿಯೂ ಒಬ್ಬ; ಸುಗ್ಗಿಯಲ್ಲಿ ಅವನಿಗೆ ಪಾಲಿತ್ತು. ಬಿರಡೆ ಕೊಳೆತರೆ ಹೊಸದನ್ನು ಕೆತ್ತಿಸುತ್ತಿದ್ದರು. ಕಲ್ಲು ಹಾಗೆಯೇ ಇರುತ್ತಿತ್ತು. ತೂಬು ಶತಮಾನಗಳವರೆಗೆ ಬಾಳಿತೆಂದು ನಾವು ಹೇಳುವಾಗ ಅದರ ಕಲ್ಲನ್ನು ಮಾತ್ರ ಹೊಗಳುತ್ತೇವೆ. ಎಷ್ಟು ಬಿರಡೆಗಳು ಬದಲಾದುವೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಬಿಲ್ಲೆಯಲ್ಲಿ ಪೀಠವೂ ಪೊರೆಯೂ ಒಂದೇ ಆಗಿ ಬೆಸೆದಿರುವುದರಿಂದ ಒಂದು ಪೊರೆ ಕೆಟ್ಟರೆ ಇಡೀ ಬಿಲ್ಲೆಯನ್ನೇ ಎಸೆಯಬೇಕು. ಒಂದೇ ಸಲ ಬಳಸಿ ಬಿಸಾಡುವ ಅಗ್ಗದ ಬಿಲ್ಲೆಗೆ ಅದು ಸರಿಹೋಗಬಹುದು. ವರ್ಷಗಟ್ಟಲೆ ಒಂದೇ ಬಿಲ್ಲೆಯ ಮೇಲೆ ಕೆಲಸ ಮಾಡುವ ಬಡ ಪ್ರಯೋಗಶಾಲೆಗೆ ಸರಿಹೋಗದು. ಗಾಜು, ಹಾಳೆ, ಗಾಜು ಎಂದು ಮೂರು ಪದರಗಳನ್ನು ಬೆಸೆಯದೆ ಅದುಮಿ ಹಿಡಿಯುವ ಚೌಕಟ್ಟಿನಲ್ಲಿಟ್ಟರೆ ನಡುವಣ ಹಾಳೆಯನ್ನು ಬದಲಿಸಿಕೊಳ್ಳಬಹುದು. ಸೋರದಂತೆ ಸಮನಾಗಿ ಅದುಮುವುದು ಆಗಿನ ಕಷ್ಟ.

ನಮ್ಮ ವಿದ್ಯಾರ್ಥಿ ಈಗ ಆ ಬಗೆಯ ಚೌಕಟ್ಟೊಂದನ್ನು ಮಾಡಿಸಿಕೊಂಡಿದ್ದಾರೆ. ಬೆಸೆದ ಬಿಲ್ಲೆಗಳನ್ನೂ ಬಿಟ್ಟಿಲ್ಲ. ರಜೆಯಿರಲಿ ಇಲ್ಲದಿರಲಿ, ಪ್ರತಿ ಸೋಮವಾರ ಪ್ರತಿಯೊಂದು ಕವಾಟವನ್ನೂ ಒಮ್ಮೆ ತೆರೆದು ಮುಚ್ಚಿ, ತೆರೆಯಲು ಬೇಕಾದ ಒತ್ತಡವನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಕಳೆದ ಬೇಸಗೆಯಲ್ಲಿ ಆ ಪುಸ್ತಕದ ಕೆಲವು ಸೋಮವಾರಗಳನ್ನು ತುಂಬಿದವನು ನಾನೇ.